ಬಂಡೆಯ ಮೇಲಿದ್ದದ್ದು

ಕೆಂಗೇರಿಯಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಆಂಟಿ ಗಣಿತದ ಟೀಚರಾಗಿ ನಿವೃತ್ತರಾದವರು. ಹಾಲಿನವನಿಗೂ, ಜಗಳಕ್ಕೆ ಬಂದವರಿಗೂ ಅವರದು ಒಂದೇ ಮಾತು: "ಅವಸರ ಏನಿಲ್ಲ." ಮಂಡಿನೋವಿದ್ದರೂ ಬೆಳಿಗ್ಗೆ ನನ್ನ ಜೊತೆ ತುರಹಳ್ಳಿ ಕಾಡಿಗೆ ವಾಕಿಂಗ್ ಬರುತ್ತಿದ್ದರು.

ಒಂದು ದಿನ ಕಾಲುದಾರಿ ತಿರುಗುವಲ್ಲಿ, ಬಂಡೆಯ ಮೇಲೆ ಚಿರತೆ ಕೂತಿತ್ತು. ಓಡಲು ಹೊರಟ ನನ್ನ ದುಪಟ್ಟಾವನ್ನು ಆಂಟಿ ಬಿಗಿಯಾಗಿ ಹಿಡಿದರು.

"ಓಡ್ಬೇಡ ಕಣೇ. ಅದನ್ನ ನೋಡ್ಕೊಂಡೇ ಹಿಂದಕ್ಕೆ ಹೆಜ್ಜೆ ಇಡು. ಅವಸರ ಏನಿಲ್ಲ."

ಅವರ ದನಿ ನಡುಗುತ್ತಿತ್ತು. ಅಷ್ಟರಲ್ಲಿ ಬಂಡೆಯ ಹಿಂದಿನಿಂದ ಮರಿಯೊಂದು ಇಣುಕಿತು. ಚಿರತೆ ಎದ್ದು ನಿಂತು ನಮ್ಮನ್ನು ದಿಟ್ಟಿಸಿತು. ನಾವು ಹಿಂದೆ ಸರಿಯುತ್ತಲೇ ಇದ್ದೆವು. ಕೊನೆಗೆ ಅದು ಮರಿಯನ್ನು ಕರೆದುಕೊಂಡು ಪೊದೆಯೊಳಗೆ ಹೋಯಿತು.

ನಾನು ಅಮ್ಮನಿಗೆ ಹೇಳಿದ ವಿಷಯ ಸಂಜೆಯೊಳಗೆ ಬೀದಿಗೆಲ್ಲ ಹಬ್ಬಿತು. ಬೋನು ಇಡಿಸಿ ಚಿರತೆ ಹಿಡಿಸಬೇಕೆಂದು ನಾಲ್ಕಾರು ಜನ ಆಂಟಿಯ ಮನೆಗೆ ಬಂದರು.

"ಎಲ್ಲಿ ನೋಡಿದ್ರಿ ಆಂಟಿ? ಕರೆಕ್ಟಾಗಿ ಜಾಗ ಹೇಳಿ."

ಆಂಟಿ ಕಾಫಿ ಲೋಟಗಳನ್ನು ಅವರ ಮುಂದಿಟ್ಟರು.

"ಚಿರತೆ ಎಲ್ಲಿ ಬಂತು? ಅದು ನಾಯಿ ಕಣ್ರೀ. ಇವಳು ಸುಮ್ನೆ ಹೆದರ್ಕೊಂಡ್ಳು."

ಎಲ್ಲರೂ ನನ್ನತ್ತ ತಿರುಗಿದರು. ಆಂಟಿ ಮಾತ್ರ ನನ್ನನ್ನು ನೋಡಲಿಲ್ಲ.

"ಹೌದು, ನಾಯಿನೇ," ಎಂದೆ.