ಸ್ವೆಟರಿನ ಐದು ಗುಂಡಿ

ಆ ಮನೆಯಲ್ಲಿ ದೊಡ್ಡಕ್ಕ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ಬುದ್ಧಿ ನಿಧಾನವಾಗಿ ಬೆಳೆದ ನಾಲ್ವರು ದೊಡ್ಡವರು ಅಲ್ಲಿದ್ದಾರೆ. ತಮ್ಮ ಕೆಲಸ ತಾವು ಮಾಡಿಕೊಳ್ಳಲು ಅವರಿಗೆ ಜೊತೆಯಾಗಿರಬೇಕು ಎಂದು ಅವಳ ನೇಮಕದ ಪತ್ರದಲ್ಲಿ ಬರೆದಿತ್ತು. ಪತ್ರ ಬೀರುವಿನಲ್ಲಿತ್ತು. ದೊಡ್ಡಕ್ಕ ಬೆಳಿಗ್ಗೆ ಏಳಕ್ಕೆ ಕಾಲಿಟ್ಟಳೆಂದರೆ ಎಂಟೂವರೆಯೊಳಗೆ ನಾಲ್ವರ ಹಲ್ಲು, ತಲೆ, ಬಟ್ಟೆ, ತಿಂಡಿ ಎಲ್ಲ ಮುಗಿಸಿಬಿಡುತ್ತಿದ್ದಳು. ಯಾರಾದರೂ ಲೋಟಕ್ಕೆ ಕೈ ಹಾಕಿದರೆ, "ಸ್ವಲ್ಪ ಇರಿ, ಚೆಲ್ಲಿಬಿಡ್ತೀರ" ಎಂದು ತಾನೇ ಎತ್ತಿ ಕೊಡುತ್ತಿದ್ದಳು. ಅವಳನ್ನು ಮೈಗಳ್ಳಿ ಎಂದವರ ಬಾಯಲ್ಲಿ ಹುಳ ಬೀಳಬೇಕು, ಅಂಥ ದುಡಿಮೆ.

ನಾಲ್ವರಲ್ಲಿ ಅವಳಿಗೆ ಮೇಷ್ಟ್ರೆಂದರೆ ಅಚ್ಚುಮೆಚ್ಚು. ನಲವತ್ಮೂರು ವರ್ಷದ ಈ ಮನುಷ್ಯ ಯಾರಿಗೂ ಪಾಠ ಹೇಳಿದವನಲ್ಲ. ಜೇಬಿನಲ್ಲಿ ಸದಾ ಒಂದು ಪೆನ್ನು ಸಿಕ್ಕಿಸಿಕೊಂಡಿರುತ್ತಾನೆ, ಅದಕ್ಕೇ ಆ ಹೆಸರು. ದಿನಾ ಅವನ ಸ್ವೆಟರಿನ ಐದು ಗುಂಡಿ ಹಾಕುತ್ತಾ ದೊಡ್ಡಕ್ಕ ಅದೇ ರಾಗ ತೆಗೆಯುತ್ತಿದ್ದಳು: "ಗಲ್ಲ ಮೇಲೆ, ಮೇಷ್ಟ್ರೇ. ಹೊಟ್ಟೆ ಒಳಗೆ. ಆಯ್ತು, ಮದುವೆ ಗಂಡು ರೆಡಿ." ಮೇಷ್ಟ್ರು ಹಲ್ಲು ಬಿಡುತ್ತಿದ್ದ.

ಒಂದು ದಿನ ಬಚ್ಚಲಲ್ಲಿ ಜಾರಿ ದೊಡ್ಡಕ್ಕನ ಬಲಗೈ ಮುರಿಯಿತು. ಪ್ಲಾಸ್ಟರ್ ಹಾಕಿಸಿಕೊಂಡು ತನ್ನ ಮನೆಯಲ್ಲಿ ಕೂತಿದ್ದವಳಿಗೆ ಸುದ್ದಿ ಬಂತು, ಮೇಷ್ಟ್ರನ್ನು ಊರಾಚೆಯ ದೊಡ್ಡ ಹಾಸ್ಟೆಲಿಗೆ ಸಾಗಿಸುತ್ತಾರಂತೆ. ತಮ್ಮ ಕೆಲಸ ಏನೂ ಮಾಡಿಕೊಳ್ಳಲಾಗದವರೆಲ್ಲ ಇನ್ನು ಮುಂದೆ ಅಲ್ಲಿಗೇ ಅಂತೆ. ಹಿಂದೆ ಅಲ್ಲಿ ಒಂದು ತಿಂಗಳು ದುಡಿದವಳು ಅವಳು. ನಲವತ್ತು ಮಂಚ, ಬಾಗಿಲಿಗೆ ಹೊರಗಿನಿಂದ ಚಿಲಕ, ಎಲ್ಲರ ಬಟ್ಟೆಯೂ ಒಂದೇ ರಾಶಿ. ಕೈಗೆ ಸಿಕ್ಕಿದ್ದು ಉಡಬೇಕು.

ಇವತ್ತು ಮೇಲಿನವರಿಗೆ ಚಳಿ ಬಿಡಿಸಿಯೇ ಬರುತ್ತೇನೆಂದು ಆಫೀಸಿಗೆ ನುಗ್ಗಿದಳು. "ಯಾವ ಪುಣ್ಯಾತ್ಮ ಮೇಡಂ ಇದನ್ನ ತೀರ್ಮಾನ ಮಾಡಿದ್ದು? ಮೇಷ್ಟ್ರನ್ನ ಒಂದು ಸಲನಾದ್ರೂ ನೋಡಿದ್ದಾನಾ?"

ಅಧಿಕಾರಿ ಫೈಲು ತೆರೆದು ಅವಳ ಕಡೆ ತಿರುಗಿಸಿದರು. ವರ್ಷಕ್ಕೊಂದರಂತೆ ಹನ್ನೊಂದು ಫಾರಂ. ತಾವೇ ಗುಂಡಿ ಹಾಕಿಕೊಳ್ಳುವರೆ? ಆಗುವುದಿಲ್ಲ. ಟೀ ಮಾಡಿಕೊಳ್ಳುವರೆ? ಆಗುವುದಿಲ್ಲ. ತಮಗೆ ಬೇಕಾದ್ದನ್ನು ಹೇಳುವರೆ? ಆಗುವುದಿಲ್ಲ. ದುಂಡಗಿನ, ಚೊಕ್ಕ ಅಕ್ಷರ, ಅವಳದೇ. ‘ಆಗುವುದಿಲ್ಲ’ ಹೆಚ್ಚಿದ್ದಷ್ಟೂ ಕೆಲಸಕ್ಕೆ ಜನ ಹೆಚ್ಚು ಕೊಡುತ್ತಾರೆಂದು ಯಾರೋ ಹೇಳಿದ್ದರು, ಇವಳು ಕಣ್ಣು ಮುಚ್ಚಿ ಬರೆದಿದ್ದಳು. ಜನ ಯಾವತ್ತೂ ಬರಲಿಲ್ಲ, ಆ ಮಾತು ಬೇರೆ.

"ಇದರಲ್ಲಿ ತಪ್ಪಿದ್ರೆ ಹೇಳಿ," ಎಂದರು ಅಧಿಕಾರಿ. "ನಾಳೆ ಸಂಜೆಯೊಳಗೆ ಹೊಸ ಫಾರಂ ಕೊಡಿ. ಆಮೇಲೆ ನನ್ನ ಕೈಲೂ ಏನೂ ಇಲ್ಲ."

"ತಪ್ಪೇನಿಲ್ಲ ಮೇಡಂ. ಅವ್ರ ಕೈಲಿ ನಿಜವಾಗ್ಲೂ ಆಗಲ್ಲ," ಎಂದಳು ದೊಡ್ಡಕ್ಕ. ಆದರೂ ಖಾಲಿ ಫಾರಂ ಇಸಿದುಕೊಂಡಳು.

ಅಲ್ಲಿಂದ ನೇರ ಮೇಷ್ಟ್ರ ಬಳಿ ಹೋದಳು. ಅವನು ಕಿಟಕಿ ಪಕ್ಕದ ತನ್ನ ಮಂಚದ ಮೇಲಿದ್ದ. ದೊಡ್ಡಕ್ಕನ ಸ್ವೆಟರು ಒಂದು ಭುಜದಿಂದ ಜಾರಿ ನೇತಾಡುತ್ತಿತ್ತು. ಎಡಗೈಯಲ್ಲಿ ಗುಂಡಿ ಹಾಕಲು ಅವಳಿಗೆ ಬರುತ್ತಿರಲಿಲ್ಲ. ಮೇಷ್ಟ್ರು ಎದ್ದು ಬಂದ. ಪ್ಲಾಸ್ಟರಿಗೆ ತಾಗದ ಹಾಗೆ ಸ್ವೆಟರನ್ನು ಭುಜಕ್ಕೇರಿಸಿದ. ಕೆಳಗಿನಿಂದ ಒಂದು, ಎರಡು, ಮೂರು, ನಾಲ್ಕು, ಐದು.

"ಗಲ್ಲ ಮೇಲೆ," ಎಂದ. "ಹೊಟ್ಟೆ ಒಳಗೆ. ಆಯ್ತು, ಮದುವೆ ಗಂಡು ರೆಡಿ."

ನಗಬೇಕಾದ ಮಾತಿಗೆ ದೊಡ್ಡಕ್ಕನಿಗೆ ನಗು ಬರಲಿಲ್ಲ. ಮಂಚದ ಮೇಲೆ ಕೂತಳು.

"ಯಾರು ಹೇಳ್ಕೊಟ್ರು, ಮೇಷ್ಟ್ರೇ?"

"ಅಮ್ಮ. ಚಿಕ್ಕೋನಿದ್ದಾಗ."

"ಮತ್ತೆ ಇಷ್ಟು ವರ್ಷ ನನ್ನ ಕೈಲಿ ಯಾಕೆ ಹಾಕಿಸ್ಕೊಂಡ್ರಿ?"

ಮೇಷ್ಟ್ರ ಮುಖದಲ್ಲಿ ದೂರು ಹೇಳುವ ಭಾವವೇ ಇರಲಿಲ್ಲ.

"ಸ್ವಲ್ಪ ಇರಿ ಅಂದ್ರಲ್ಲ, ಅಕ್ಕ. ಇದ್ದೆ."

ಆ ರಾತ್ರಿ ಅವಳು ಹೇಗೆ ಕಳೆದಳೆಂದು ಕೇಳಬೇಡಿ. ಮರುದಿನ ಬೆಳಿಗ್ಗೆ ಅಡುಗೆಮನೆಯ ಕುರ್ಚಿಯಲ್ಲಿ ಎಡಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಳು. ಮೇಷ್ಟ್ರು ಟೀ ಮಾಡಿದ. ಇಪ್ಪತ್ತಾರು ನಿಮಿಷ ಹಿಡಿಯಿತು. ಹಾಲು ಉಕ್ಕಿತು, ಸಕ್ಕರೆ ನೆಲಕ್ಕೂ ಬಿತ್ತು, ಒಲೆ ಆರಿಸುವುದನ್ನು ಮಾತ್ರ ಅವನು ಮರೆಯಲಿಲ್ಲ. ಟೀ ಕುಡಿಯುವ ಹಾಗಿತ್ತು.

ಅವನನ್ನು ಹಾಸ್ಟೆಲಿಗೆ ಕಳಿಸಲಿಲ್ಲ, ಅದನ್ನು ಈಗಲೇ ಹೇಳಿಬಿಡೋಣ. ಹಿಂದಿನ ಹನ್ನೊಂದೂ ತಪ್ಪೆಂದು ದೊಡ್ಡಕ್ಕ ಎಡಗೈಯಲ್ಲಿ ಸೊಟ್ಟ ಸಹಿ ಹಾಕಿ ಒಪ್ಪಿಕೊಂಡಳು. ಆ ವರ್ಷಗಳನ್ನು ವಾಪಸು ಕೊಡಲು ಮಾತ್ರ ಯಾವ ಫಾರಮೂ ಇರಲಿಲ್ಲ.

ಸಹಿಗೆ ಮುಂಚೆ ಫಾರಂ ತುಂಬಬೇಕಿತ್ತಲ್ಲ. ಅವಳು ಪ್ರಶ್ನೆ ಓದಿದಳು, ಮೇಷ್ಟ್ರು ಜೇಬಿನ ಪೆನ್ನು ತೆಗೆದು ಹೊಸ ಫಾರಮಿನಲ್ಲಿ ಅಚ್ಚಾಗಿದ್ದ ‘ಆಗುತ್ತದೆ’ ಎಂಬುದರ ಮುಂದೆ ಗೆರೆ ಎಳೆದ. ಕೊನೆಯದು: ತಮಗೆ ಬೇಕಾದ್ದನ್ನು ಹೇಳುವರೆ? ಪೆನ್ನು ಕಾಗದದ ಮೇಲೆ ನಿಂತಿತು. ದೊಡ್ಡಕ್ಕನ ಎಡಗೈ ತಾನಾಗಿಯೇ ಪೆನ್ನಿನ ಕಡೆ ಹೋಯಿತು.

ಮೇಷ್ಟ್ರು ತಲೆಯೆತ್ತಲಿಲ್ಲ.

"ಸ್ವಲ್ಪ ಇರಿ, ಅಕ್ಕ," ಎಂದ.

ದೊಡ್ಡಕ್ಕ ಕೈ ಹಿಂದಕ್ಕೆ ತೆಗೆದುಕೊಂಡು ಸುಮ್ಮನೆ ಕೂತಳು.