ಆಮೆಗಳಿಗೆ ಬಿಟ್ಟ ಜಗಲಿ

ಮೂಡಲಗಿಯ ಜೈನ ಗೆಳತಿ ಪದ್ಮಕ್ಕನವರು ಹೊನ್ನಾವರದ ಕಡಲದಂಡೆಯಲ್ಲಿ ಮನೆ ಕಟ್ಟಿಸುವಾಗ ನಾನೂ ಜೊತೆಗೆ ಹೋಗಿದ್ದೆ. ಜಗಲಿಗೆಂದು ಗುರುತು ಹಾಕಿದ್ದ ಮರಳುದಿಬ್ಬದಲ್ಲೇ ಕಡಲಾಮೆ ಮೊಟ್ಟೆಯಿಟ್ಟಿತ್ತು.

“ಪ್ರತಿವರ್ಷ ಇಲ್ಲೇ ಬರ್ತವೆ ಅಮ್ಮಾ, ಮನೆ ಸ್ವಲ್ಪ ಹಿಂದೆ ತಗೊಳ್ಳಿ” ಎಂದ ಅರಣ್ಯ ಇಲಾಖೆಯ ಕಾವಲುಗಾರ.

ಹಿಂದೆ ಸರಿದರೆ ದಿಬ್ಬ ಅಡ್ಡವಾಗಿ ಕಡಲು ಕಾಣದು. ಕಡಲು ನೋಡುತ್ತ ಕೂರುವ ಆಸೆಗೇ ಪದ್ಮಕ್ಕನವರು ಆ ಜಾಗ ಕೊಂಡಿದ್ದರು. ದಿಬ್ಬವನ್ನೊಮ್ಮೆ ನೋಡಿ, ಯಮಕನಮರಡಿಯಿಂದ ಕರೆತಂದ ಗೌಂಡಿಗೆ, “ಪಾಯಾ ಹಿಂದ ಸರಸ್ರಿ” ಎಂದರು.

“ಖರೆ ಅಕ್ಕಾರ, ನಮಗಿಂತ ಮೊದಲ ಅವು ಜಾಗಾ ಹಿಡದಾವ್ರಿ” ಎಂದು ಗೌಂಡಿ ನಕ್ಕ.

ಕಾವಲುಗಾರ ಮತ್ತೂ ಸಂಕೋಚದಿಂದ, “ಮರಿಗಳು ಬೆಳಕು ಕಂಡ ಕಡೆ ಹೋಗಿ ದಾರಿ ತಪ್ತವೆ. ಆ ದಿನಗಳಲ್ಲಿ ರಾತ್ರಿ ದೀಪ...” ಎಂದು ತಡವರಿಸಿದ.

“ನಾವು ಜೈನರ್ರಿ, ಹೊತ್ತು ಮುಳುಗೂದರೊಳಗ ನಮ್ಮ ಊಟಾ ಮುಗಿದಿರತೈತಿ. ದೀಪಾ ಹಚ್ಚಿ ಏನ್ ಮಾಡೂದೈತ್ರಿ?” ಎಂದರು ಪದ್ಮಕ್ಕ.

ಇಷ್ಟು ಸಲೀಸಾಗಿ ಆಸೆ ಬಿಟ್ಟವರನ್ನು ನಾನು ಕಂಡಿಲ್ಲ.

ಎಂಟು ಗಂಟೆಗೇ ಊಟವೆಂಬುದು ಓದುವಾಗಿನ ಕಾನ್ವೆಂಟ್ ಹಾಸ್ಟೆಲಿನಿಂದ ನನಗೆ ಬಂದ ಶಿಸ್ತು. ಮರುವರ್ಷ ಮರಿಗಳು ಕಡಲಿಗೆ ಹೊರಡುವ ಕಾಲಕ್ಕೆ ಆ ಮನೆಯಲ್ಲಿ ಉಳಿದಾಗ ಪದ್ಮಕ್ಕನವರ ಜೊತೆ ಐದೂವರೆಗೇ ಉಂಡೆ. ಹಸಿವು ಮಾತ್ರ, ಕತ್ತಲಲ್ಲೂ ದಾರಿ ತಪ್ಪದೆ, ಎಂಟಕ್ಕೇ ಬಂತು.