ನನ್ನ ತೋರುಬೆರಳು ಮತ್ತು ಮುಚ್ಚಿದ ಡಬ್ಬಿ

ಕಳೆದ ತಿಂಗಳ ಒಂದು ಸೋಮವಾರ ಒಬ್ಬ ಹೆಣ್ಣುಮಗಳು ನನ್ನ ಬಲಗೈ ತೋರುಬೆರಳನ್ನು ನೋಡಿ, "ಕಳ್ಳ ಇಂವಾ ನೋಡ್ರಿ" ಎಂದರು. ಅದೂ ನನ್ನ ಹೆಂಡತಿಯ ಎದುರಿಗೆ!

ಇಪ್ಪತ್ತೆರಡು ವರ್ಷ ಕೊಂಢವಾದ ಸಲೂನಿನಲ್ಲಿ ಕತ್ತರಿ ಹಿಡಿದ ಬೆರಳದು. ನಾನು ಕಲಿತದ್ದು ಏಳನೇ ಇಯತ್ತೆ. ಆದರೆ ಕೂದಲಿಗೆ ಬಾಚಣಿಗೆ ಇಟ್ಟರೆ ಸಾಕು, ಈ ಗಿರಾಕಿಯ ಅಪಾರ್ಟ್‌ಮೆಂಟ್ ಸೊಸೈಟಿಗೆ ಟ್ಯಾಂಕರ್ ನೀರು ಬರುತ್ತದೋ ಇಲ್ಲವೋ ಹೇಳಿಬಿಡುತ್ತೇನೆ. (ಬೇಕಾದರೆ ಬಂದು ಕುಳಿತು ನೋಡಿ.)

ಟ್ಯಾಂಕರಿನ ಗಡಸು ನೀರಿಗೆ ಒರಟಾದ ಆ ಕೂದಲಿಗೆಂದೇ ನನ್ನ ಹೆಂಡತಿ ರೇಣುಕಾ ಮೆಂತ್ಯ, ದಾಸವಾಳ ಹಾಕಿ ಒಂದು ಕ್ರೀಮ್ ಮಾಡುತ್ತಾಳೆ. ಗಿರಾಕಿಗಳು ಕೇಳಿ ಕೇಳಿ ಒಯ್ಯುತ್ತಾರೆ. ಒಂದೇ ತೊಂದರೆ, ವಾರಕ್ಕೆ ಹುಳಿ ವಾಸನೆ. ನಮ್ಮದೇ ಹೆಸರಿನಲ್ಲಿ ಕ್ರೀಮ್, ಎಣ್ಣೆ, ಶಾಂಪೂ ತರಬೇಕೆಂದರೆ ಫಾರ್ಮುಲೇಟರ್ ಬೇಕು. ಅಂದರೆ ಯಾವುದು ಎಷ್ಟು ಹಾಕಿದರೆ ಮಾಲು ಕೆಡುವುದಿಲ್ಲ, ಒಡೆಯುವುದಿಲ್ಲ ಎಂದು ಬಲ್ಲವರು. ನಾನೋ, ಲೇಬಲ್ ಅಚ್ಚು ಹಾಕಿಸಿದರೆ ಕಂಪನಿ ಆಯಿತು ಎಂದುಕೊಂಡಿದ್ದೆ!

ಮೊದಲು ಸಿಕ್ಕವನು ಕಪಾಟು ತೆರೆದು, "ಇದರಾಗ ಯಾವುದಾರ ಆರಿಸ್ರಿ, ಮಾಲು ನಮ್ದು, ಹೆಸರು ನಿಮ್ದು" ಎಂದ. ಎದ್ದು ಬಂದೆ. ಎರಡನೆಯವರು ವಿಡಿಯೋ ಕಾಲ್‌ನಲ್ಲಿ ಮೊದಲು ಕೇಳಿದ್ದೇ ನನ್ನ ಡಿಗ್ರಿ. ನಾನು ಕಟ್ ಮಾಡಿದೆ. (ಕಟ್ ಮಾಡುವುದು ನನ್ನ ಉದ್ಯೋಗವೇ ತಾನೇ?)

ಮೂರನೆಯವರು ವಾಕಡದ ಸುಜಾತಾ ಮೇಡಂ. ಮೂಲತಃ ಧಾರವಾಡದವರು. ಎರಡು ಕೋಣೆಯ ಲ್ಯಾಬ್. ಡಿಗ್ರಿ ಕೇಳಲಿಲ್ಲ, ಟ್ಯಾಂಕರ್ ಕೂದಲು ಕೈಗೆ ಹೇಗೆ ಹತ್ತುತ್ತದೆ ಎಂದು ಕೇಳಿದರು. ಒಂದು ತಾಸು ಹೇಳಿದೆ. ಬರೆದುಕೊಂಡರು. ನಾನು ಹೇಳಿದ್ದನ್ನು ಒಬ್ಬರು ಬರೆದುಕೊಳ್ಳುವುದೇ! ಮನೆಗೆ ಬರುವಾಗ ಸ್ಕೂಟರ್ ಓಡಿಸಿದೆನೋ ಹಾರಿಸಿದೆನೋ ನೆನಪಿಲ್ಲ.

ಕೆಲವು ವಾರಕ್ಕೆ ಸ್ಯಾಂಪಲ್ ಬಂತು, ಎರಡು ಡಬ್ಬಿ. "ಒಂದು ಬಳಸ್ರಿ. ಇನ್ನೊಂದು ಮೂವತ್ತು ದಿನ ಮುಟ್ಟಬ್ಯಾಡ್ರಿ, ಕೆಡತೈತೇನು ನೋಡೂಣು. ಹೇಳಿದ್ದು ಕೇಳದವರ ಜೋಡಿ ನಾ ಕೆಲಸ ಮಾಡಂಗಿಲ್ಲ" ಎಂದರು ಮೇಡಂ.

ಮೂವತ್ತು ದಿನ ಮುಗಿಯಿತು. ಸೋಮವಾರ ಸಲೂನಿಗೆ ರಜೆ. ರೇಣುಕಾಳನ್ನು ಕರೆದುಕೊಂಡು ಲ್ಯಾಬಿಗೆ ಹೋಗಿ ಆ ಮುಚ್ಚಿದ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ತೆರೆದರೆ ಕಪ್ಪು ಚುಕ್ಕೆ, ಬೂಸ್ಟು! "ನಿಮ್ಮ ಫಾರ್ಮುಲಾನೂ ಕೆಡತೈತಲ್ರಿ ಮೇಡಂ" ಎಂದು ನಾನು ದನಿ ಏರಿಸಿದೆ.

ಅವರು ಒಳಗಿನಿಂದ ಅದೇ ದಿನ ತುಂಬಿದ ಇನ್ನೊಂದು ಡಬ್ಬಿ ತಂದರು. ಬೆಣ್ಣೆಯಂತಿತ್ತು.

"ಮುಟ್ಟಿದ್ರೇನು?"

"ಛೇ, ಇಲ್ರಿ."

ರೇಣುಕಾ ಬಾಯಿ ಬಿಟ್ಟಳು. "ಮುಂಜಾನೆ ದ್ಯಾವರಿಗೆ ಕೈ ಮುಗಿಯೂದು ಮರತಾರ್ರಿ ಮೇಡಂ, ಅದರಾಗ ಬೆರಳ ಹಾಕೂದು ಒಂದಿನಾನೂ ಮರತಿಲ್ಲ!"

ನಿಜ. ಕ್ರೀಮ್ ಯಾವುದೇ ಇರಲಿ, ಬೆರಳಿಗೆ ಹಚ್ಚಿ ಉಜ್ಜಿ ನೋಡದಿದ್ದರೆ ನನ್ನ ಕೈ ಸುಮ್ಮನಿರದು. ನಮ್ಮ ಕಸುಬಿನವರ ಬೆರಳೋ, ಸದಾ ಒದ್ದೆ; ಬೂಸ್ಟು ಬಂದದ್ದು ಅದರಿಂದಲೇ. ಮೇಡಂ ಬಾಯಿಂದ ಕಳ್ಳ ಎಂಬ ಮಾತು ಬಂದದ್ದು ಆಗಲೇ.

ಕೆಲಸ ಕೈತಪ್ಪಿತು ಎಂದುಕೊಂಡೆ. ಏಳನೇ ಇಯತ್ತೆಯವನ ಹಣೆಬರಹ ಎಂದು ಚೀಲ ಎತ್ತಿಕೊಂಡೆ.

"ಕೂಡ್ರಿ," ಎಂದರು ಮೇಡಂ. ನಗುತ್ತಿದ್ದರು. "ಬಚ್ಚಲದಾಗ ನಿಂತು ಎಲ್ಲಾರೂ ಒದ್ದಿ ಬೆರಳಽ ಹಾಕೂದು. ಚಲೋ ಆತು, ಈಗಽ ಗೊತ್ತಾತು. ಡಬ್ಬಿ ಬ್ಯಾಡ, ಟ್ಯೂಬ್ ಮಾಡೂಣು. ಕೆಡದಂಗ ಇನ್ನಷ್ಟು ಗಟ್ಟಿನೂ ಮಾಡತೀನಿ. ನೀವು ಸೋಮವಾರಕ್ಕೊಮ್ಮೆ ಬರ್ರಿ. ಕೂದಲಾ ಮುಟ್ಟಿ ಹೇಳೂ ಮಷೀನ್ ನನ್ನ ಕಡೆ ಇಲ್ಲ."

ಕೇಳಿದಿರಾ? ಲ್ಯಾಬಿನಲ್ಲಿ ಇಲ್ಲದ ಮಷೀನ್ ನಾನು! ಆ ಖುಷಿಗೆ ವಾಕಡದಿಂದ ಕೊಂಢವಾದವರೆಗಿನ ಟ್ರಾಫಿಕ್ಕೂ ಮೆರವಣಿಗೆಯಂತೆ ಕಂಡಿತು.

ಟ್ಯೂಬಿನ ಹೊಸ ಸ್ಯಾಂಪಲ್ ಈಗ ಮನೆಯಲ್ಲಿದೆ. ಇದನ್ನೂ ಮೂವತ್ತು ದಿನ ಮುಟ್ಟಬಾರದು. ರೇಣುಕಾ ಮುಚ್ಚಳಕ್ಕೆ ಮೂರು ಸುತ್ತು ಟೇಪ್ ಹಚ್ಚಿ, ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದಾಳೆ. ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾಳೆ.

ಅಲ್ಲ, ಓದಿದವರೇ ಹೇಳಿ: ಮುಚ್ಚಿದ್ದನ್ನು ಮೂವತ್ತು ದಿನ ತೆರೆಯದೆ ಇರುವ ವಿದ್ಯೆಯನ್ನು ಎಷ್ಟನೇ ಇಯತ್ತೆಯಲ್ಲಿ ಕಲಿಸುತ್ತಾರೆ?